ಅಟ್ಜೆ ನಿಜವಾಗ್ಲೂ ಹಸಿವಲ್ಲಿ ಸತ್ತ ಫೋಟೋಗ್ರಾಫರಾ? ಖಾಲಿ ಪ್ಯಾರಿಸ್ ಬಗ್ಗೆ ಒಂದು ಪ್ರಶ್ನೆ

ಪ್ರಶ್ನೆ: ಸರ್, ಯೂಜೀನ್ ಅಟ್ಜೆ ಅನ್ನೋ ಫ್ರೆಂಚ್ ಫೋಟೋಗ್ರಾಫರ್ ಬಗ್ಗೆ ಒಂದು ವಿಡಿಯೋ ನೋಡಿದೆ. ಜೀವಮಾನವಿಡೀ ಪ್ಯಾರಿಸ್ಸಿನ ಖಾಲಿ ಬೀದಿಗಳ ಫೋಟೋ ತೆಗೆದ್ರು, ಒಬ್ರೂ ಕೊಂಡುಕೊಳ್ಳಲಿಲ್ಲ, ಹಸಿವಲ್ಲೇ ಸತ್ತರು, ಆಮೇಲೆ ಅಮೆರಿಕದ ಹೆಂಗಸೊಬ್ರು ಆ ಫೋಟೋಗಳನ್ನ ಕಸದ ರಾಶಿಯಿಂದ ಎತ್ತಿ ತಂದ್ರು ಅಂತ ಅದರಲ್ಲಿ ಹೇಳಿದ್ರು. ನಿಜಾನಾ? ಬೀದಿಯಲ್ಲಿ ಜನಾನೇ ಇಲ್ವಲ್ಲ ಯಾಕೆ? ಕೆಲವು ಫೋಟೋಗಳ ಮೇಲಿನ ಮೂಲೆ ಕಪ್ಪಗಿರುತ್ತೆ, ಅದು ಬೇಕಂತ ಮಾಡಿದ್ದಾ? ಒಳ್ಳೆ ಕ್ವಾಲಿಟಿಯಲ್ಲಿ ಎಲ್ಲಿ ನೋಡಬಹುದು?

ಉತ್ತರ: ವಿಡಿಯೋದವರು ಹೇಳಿದ್ರಲ್ಲಿ ಕಾಲುಭಾಗ ನಿಜ, ಮಿಕ್ಕಿದ್ದೆಲ್ಲ ಒಗ್ಗರಣೆ. ಯಾರೂ ಕೊಳ್ಳಲಿಲ್ಲ ಅನ್ನೋದಂತೂ ಶುದ್ಧ ಸುಳ್ಳು. ಅಟ್ಜೆ ಸುಮಾರು ಮೂವತ್ತೈದು ವರ್ಷ ಫೋಟೋ ಮಾರಿನೇ ಮನೆ ನಡೆಸಿದವರು, ಬೇರೆ ಕೆಲಸ ಇರಲಿಲ್ಲ, ಪಿತ್ರಾರ್ಜಿತ ಆಸ್ತಿ ಇರಲಿಲ್ಲ. ಗಿರಾಕಿಗಳ ಹೆಸರು ವಿಳಾಸ ಬರ್ಕೊಂಡಿದ್ದ ಅವರ ಪುಸ್ತಕ ಈಗಲೂ ಉಳಿದಿದೆ. ಅದನ್ನ ನೋಡಿದ್ರೆ ಕನಸುಗಾರನ ಡೈರಿ ಥರ ಕಾಣಲ್ಲ, ಪಕ್ಕಾ ವ್ಯಾಪಾರಸ್ಥನ ಪುಸ್ತಕ. ನನ್ನ ಪ್ರಕಾರ ಅವರನ್ನ ಅರ್ಥ ಮಾಡ್ಕೊಳ್ಳೋಕೆ ಇಲ್ಲಿಂದಲೇ ಶುರು ಮಾಡ್ಬೇಕು, ಯಾಕಂದ್ರೆ ಆ ಫೋಟೋಗಳು ಹಾಗಿರೋದಕ್ಕೆ ಮುಕ್ಕಾಲು ಕಾರಣ ಆ ವ್ಯಾಪಾರವೇ.

ಸ್ವಲ್ಪ ಹಿಂದಕ್ಕೆ ಹೋಗೋಣ. ಹುಟ್ಟಿದ್ದು 1857ರ ಫೆಬ್ರವರಿ 12, ಬೋರ್ಡೋ ಹತ್ರ ಲಿಬೂರ್ನ್ ಅನ್ನೋ ಊರು. ಚಿಕ್ಕವರಿದ್ದಾಗಲೇ ಅಪ್ಪ ಅಮ್ಮ ಇಬ್ರೂ ತೀರಿಕೊಂಡ್ರು, ಬೆಳೆಸಿದ್ದು ಅಜ್ಜ ಅಜ್ಜಿ. ಹುಡುಗನಿಗೆ ಹುಚ್ಚು ಇದ್ದಿದ್ದು ನಾಟಕದ್ದು, ಫೋಟೋದ್ದಲ್ಲ. 1878ರಲ್ಲಿ ಪ್ಯಾರಿಸ್ಸಿಗೆ ಬಂದು ಅಲ್ಲಿನ ದೊಡ್ಡ ನಾಟಕ ಶಾಲೆ ಕನ್ಸರ್ವಟ್ವಾರ್‌ಗೆ ಪರೀಕ್ಷೆ ಕೊಟ್ರು, ಫೇಲು. ಮಾರನೇ ವರ್ಷ ಸೀಟು ಸಿಕ್ತು, ಆದ್ರೆ ಅದೇ ಹೊತ್ತಿಗೆ ಕಡ್ಡಾಯ ಮಿಲಿಟರಿ ಸೇವೆ ಬೇರೆ ತಲೆ ಮೇಲೆ ಬಂದು ಕೂತಿತ್ತು, ಬ್ಯಾರಕ್ಕಿಗೂ ಕ್ಲಾಸಿಗೂ ಓಡಾಡ್ಕೊಂಡು ಎಷ್ಟು ದಿನ ಅಂತ ನಡೆಯುತ್ತೆ, 1881ರಲ್ಲಿ ಶಾಲೆಯವರು ಹೊರಗೆ ಹಾಕಿದ್ರು. ಆಮೇಲೆ ಊರೂರು ತಿರುಗೋ ಕಂಪನಿಗಳಲ್ಲಿ ಸಣ್ಣಪುಟ್ಟ ಪಾತ್ರ. ಅಲ್ಲೇ 1886ರಲ್ಲಿ ವ್ಯಾಲೆಂಟಿನ್ ಅನ್ನೋ ನಟಿಯ ಪರಿಚಯ ಆಯ್ತು, ಇವರಿಗಿಂತ ಸುಮಾರು ಹತ್ತು ವರ್ಷ ದೊಡ್ಡವರು, ಒಬ್ಬ ಮಗನೂ ಇದ್ದ, ಕೊನೇವರೆಗೂ ಜೊತೆಗಿದ್ರು. 1887ರ ಸುಮಾರಿಗೆ ಗಂಟಲಿಗೆ ಸೋಂಕು ತಗಲಿ ದನಿ ಕೆಟ್ಟುಹೋಯ್ತು. ನಟನಿಗೆ ದನಿ ಹೋದ್ಮೇಲೆ ಇನ್ನೇನಿದೆ, ಬಣ್ಣ ಬಿಟ್ರು. ನಾಟಕದ ಪ್ರೀತಿ ಮಾತ್ರ ಬಿಡಲಿಲ್ಲ, ಎಷ್ಟೋ ವರ್ಷ ಆದ್ಮೇಲೂ ಕೆಲಸಗಾರರಿಗೋಸ್ಕರ ನಡೀತಿದ್ದ ಜನತಾ ವಿದ್ಯಾಲಯಗಳಿಗೆ ಹೋಗಿ ರಂಗಭೂಮಿ ಬಗ್ಗೆ ಉಪನ್ಯಾಸ ಕೊಡ್ತಿದ್ರು. ರಾಜಕೀಯದಲ್ಲಿ ಎಡಕ್ಕೆ ವಾಲಿದವರು, ಇದನ್ನ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ.

ಕ್ಯಾಮೆರಾ ಹಿಡಿದಿದ್ದು ಮೂವತ್ತು ದಾಟಿದ್ಮೇಲೆ. 1890ರ ಹೊತ್ತಿಗೆ ಪ್ಯಾರಿಸ್ಸಲ್ಲಿ ನೆಲೆಯೂರಿ ಬಾಗಿಲಿಗೆ ಒಂದು ಬೋರ್ಡ್ ಹಾಕಿದ್ರು, ಕಲಾವಿದರಿಗೆ ಬೇಕಾದ ದಾಖಲೆಗಳು ಇಲ್ಲಿ ಸಿಗುತ್ತವೆ ಅಂತ. ಆಗಿನ ಕಾಲಕ್ಕೆ ಇದು ಸರಿಯಾದ ವ್ಯಾಪಾರದ ಲೆಕ್ಕಾಚಾರ. ಪೇಂಟರಿಗೆ ಒಂದು ಮರ ಬೇಕು, ಹಸು ಬೇಕು, ಹಳೇ ಬಾಗಿಲು ಬೇಕು, ಅಂದ್ರೆ ಪ್ರತಿ ಸಲ ಊರಾಚೆ ಹೋಗಿ ಸ್ಕೆಚ್ ಮಾಡ್ಕೊಂಡು ಬರೋಕಾಗುತ್ತಾ? ಒಂದು ಫೋಟೋ ತಗೊಂಡು ಗೋಡೆಗೆ ಸಿಕ್ಕಿಸಿಕೊಂಡು ಚಿತ್ರ ಬರೀತಿದ್ರು. 1892ರಲ್ಲಿ ಒಂದು ಕಲಾ ಪತ್ರಿಕೆಯಲ್ಲಿ ಅಟ್ಜೆ ಹಾಕಿದ ಜಾಹೀರಾತಲ್ಲಿ ಭೂದೃಶ್ಯ, ಪ್ರಾಣಿ, ಹೂವು, ಸ್ಮಾರಕ, ಪೇಂಟಿಂಗಿನ ನಕಲು, ಎಲ್ಲ ಸಿಗುತ್ತೆ, ಕರೆದ ಕಡೆ ಬರ್ತೀವಿ ಅಂತಿದೆ. ಪಕ್ಕಾ ಅಂಗಡಿ ಭಾಷೆ.

ಅವರ ಕೈಗೆ ದೊಡ್ಡ ದಾರಿ ಸಿಕ್ಕಿದ್ದು 1897-98ರಲ್ಲಿ. 1853ರಿಂದ 1870ರವರೆಗೆ ಬ್ಯಾರನ್ ಓಸ್ಮಾನ್ ಅನ್ನೋ ಅಧಿಕಾರಿ ಪ್ಯಾರಿಸ್ಸಿನ ಹಳೇ ಕೇರಿಗಳನ್ನ ಒಡೆದು ಅಗಲ ರಸ್ತೆ ಮಾಡಿಸಿದ್ದರಲ್ಲ, ಆ ಒಡೆಯೋ ಕೆಲಸ ಅವರು ಹೋದ್ಮೇಲೂ ನಿಲ್ಲಲಿಲ್ಲ, ಮೆಟ್ರೋಗೋಸ್ಕರ ಅಗೆಯೋದು ಬೇರೆ ಶುರುವಾಯ್ತು. ಆಗ ಊರಲ್ಲಿ ಒಂದು ಗಾಬರಿ ಹುಟ್ಟಿತು, ಅಯ್ಯೋ ಹಳೇ ಪ್ಯಾರಿಸ್ ಹೋಗ್ತಿದೆ, ಹೋಗೋಕೆ ಮುಂಚೆ ದಾಖಲೆ ಮಾಡಿ ಇಟ್ಕೊಳ್ಳೋಣ ಅಂತ. ನಗರಸಭೆ ಕಡೆಯಿಂದ ಒಂದು ಆಯೋಗವೇ ಹುಟ್ಟಿಕೊಂಡಿತು. ಅಟ್ಜೆ ಇದನ್ನ ನೋಡಿ ಹಸು ಹೂವು ಬಿಟ್ಟು ಹಳೇ ಪ್ಯಾರಿಸ್ಸಿಗೆ ತಿರುಗಿದ್ರು. ಬಾಗಿಲು, ಬಾಗಿಲಿನ ತಟ್ಟೋ ಬಳೆ, ಮೆಟ್ಟಿಲಿನ ಕಬ್ಬಿಣದ ಕಟಕಟೆ, ಅಂಗಳ, ಬಾವಿ, ಕಾರಂಜಿ, ಹೆಂಡದಂಗಡಿ ಬೋರ್ಡು. ಪ್ಯಾರಿಸ್ ಇತಿಹಾಸದ ಕಾರ್ನವಾಲೆ ಮ್ಯೂಸಿಯಂ, ನಗರದ ಇತಿಹಾಸ ಗ್ರಂಥಾಲಯ, ರಾಷ್ಟ್ರೀಯ ಗ್ರಂಥಾಲಯ, ಎಲ್ಲರೂ ಕೊಂಡ್ರು. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನವರು ಕೂಡ ನೂರಾರು ಪ್ರಿಂಟ್ ತಗೊಂಡ್ರು, ಅಲಂಕಾರ ಕಲೆ ಕಲಿಯೋ ಹುಡುಗರಿಗೆ ಮಾದರಿಗೆ ಬೇಕಾಗುತ್ತೆ ಅಂತ. ಇದೆಲ್ಲ ಅವರು ಬದುಕಿದ್ದಾಗಲೇ ಆಗಿದ್ದು. ಯಾರಿಗೂ ಗೊತ್ತಿರಲಿಲ್ಲ ಅಂತ ಹೇಳೋರು ಈ ರಸೀದಿಗಳನ್ನೆಲ್ಲ ಎಲ್ಲಿ ಇಡ್ತಾರೋ.

ಈಗ ನಿಮ್ಮ ಎರಡನೇ ಪ್ರಶ್ನೆ, ಜನ ಎಲ್ಲಿ ಹೋದ್ರು ಅಂತ. ಮೊದಲು ಕ್ಯಾಮೆರಾ ಹೇಗಿತ್ತು ನೋಡಿ. ಮರದ ಡಬ್ಬ, ಮುಂದೆ ಹಾರ್ಮೋನಿಯಂ ತಿದಿ ಥರ ಮಡಿಚೋ ಬೆಲ್ಲೋಸ್, 18 ಇಂಟು 24 ಸೆಂಟಿಮೀಟರಿನ ಗಾಜಿನ ಪ್ಲೇಟು, ಮರದ ಟ್ರೈಪಾಡು, ತಲೆ ಮೇಲೆ ಹೊದ್ದುಕೊಳ್ಳೋ ಕಪ್ಪು ಬಟ್ಟೆ. ಪ್ಲೇಟುಗಳು ಹೋಲ್ಡರುಗಳು ಎಲ್ಲ ಸೇರಿದ್ರೆ ಹತ್ತಿರ ಹತ್ತಿರ 20 ಕಿಲೋ, ಅದನ್ನ ಹೆಗಲಿಗೆ ಹಾಕ್ಕೊಂಡು ಕಾಲ್ನಡಿಗೆ, ಬಸ್ಸು, ಮೆಟ್ರೋ. ಲೆನ್ಸಿನ ತೂತು ಸಣ್ಣದು ಮಾಡಿದ್ರೇನೇ ಹತ್ತಿರದ ಕಲ್ಲಿಂದ ದೂರದ ಗೋಪುರದವರೆಗೂ ಚೂಪಾಗಿ ಬರೋದು, ತೂತು ಸಣ್ಣದಾದ್ರೆ ಎಕ್ಸ್‌ಪೋಷರ್, ಅಂದ್ರೆ ಪ್ಲೇಟಿಗೆ ಬೆಳಕು ಬೀಳಬೇಕಾದ ಹೊತ್ತು, ಉದ್ದ ಆಗುತ್ತೆ, ಸೆಕೆಂಡುಗಟ್ಟಲೆ, ಮೋಡ ಇದ್ದರೆ ಇನ್ನೂ ಜಾಸ್ತಿ. ಅಷ್ಟು ಹೊತ್ತಲ್ಲಿ ನಡ್ಕೊಂಡು ಹೋದವನು ಪ್ಲೇಟಿನ ಮೇಲೆ ಉಳಿಯೋದೇ ಇಲ್ಲ, ನಿಧಾನಕ್ಕೆ ಹೋದವನಾದ್ರೆ ಹೊಗೆ ಥರ ಒಂದು ಛಾಯೆ ಉಳಿಯುತ್ತೆ, ನಿಂತವನು ಮಾತ್ರ ನಿಲ್ತಾನೆ. ಇದು ಅರ್ಧ ಕಾರಣ. ಇನ್ನರ್ಧ, ಗಾಡಿ ಜನ ಅಡ್ಡ ಬರಬಾರದು ಅಂತ ಬೆಳಗಿನ ಜಾವಕ್ಕೇ ಎದ್ದು ಹೋಗ್ತಿದ್ರು. ಆರ್ಕಿಟೆಕ್ಟು ದುಡ್ಡು ಕೊಡೋದು ಬಾಗಿಲಿನ ಕೆತ್ತನೆಗೆ, ಅದರ ಮುಂದೆ ನಿಂತ ತರಕಾರಿಯವನಿಗಲ್ಲ ತಾನೆ? ಹಾಗಾಗಿ ಈ ಖಾಲಿತನ ಮೊದಲಿಗೆ ಬಂದಿದ್ದು ಗಿರಾಕಿಯ ಅನುಕೂಲಕ್ಕೆ, ವಿರಹಕ್ಕೂ ಅಲ್ಲ ಒಂಟಿತನಕ್ಕೂ ಅಲ್ಲ.

ಆದ್ರೂ ಜನಾನೇ ಇಲ್ಲ ಅನ್ನೋದು ಕೂಡ ಪೂರ್ತಿ ಸರಿಯಲ್ಲ. 1898ರಿಂದ 1900ರ ಆಸುಪಾಸಲ್ಲಿ ಬೀದಿ ಕಸುಬಿನವರದ್ದೇ ಒಂದು ದೊಡ್ಡ ಸರಣಿ ಮಾಡಿದ್ದಾರೆ, ಲ್ಯಾಂಪ್‌ಶೇಡ್ ಮಾರೋನು, ಚಿಂದಿ ಆಯೋನು, ಬ್ರೆಡ್ ಹೊತ್ತ ಹೆಂಗಸು. ಅದರಲ್ಲಿ ಬೀದಿ ಆರ್ಗನ್ ನುಡಿಸೋ ಗಡ್ಡದ ಮುದುಕ ಮತ್ತೆ ಪಕ್ಕದಲ್ಲಿ ಬಾಯಿತುಂಬ ನಗ್ತಾ ಹಾಡೋ ಪುಟ್ಟ ಹೆಂಗಸಿನ ಫೋಟೋ ಇದೆ, ಅದನ್ನ ನೋಡಿದ್ಮೇಲೂ ಈ ಮನುಷ್ಯನಿಗೆ ಜನ ಕಂಡ್ರೆ ಆಗಲ್ಲ ಅಂತ ಹೇಳೋರಿಗೆ ನಾನೇನೂ ಹೇಳಲ್ಲ. ಖಾಲಿ ಅಂತ ಕಾಣೋ ಫೋಟೋದಲ್ಲೂ ಸ್ವಲ್ಪ ಕಣ್ಣು ಕಿರಿದು ಮಾಡಿ ನೋಡಿ. 1908ರದ್ದು, ಟೂರ್ನೆಲ್ ದಂಡೆಯಲ್ಲಿದ್ದ 'ಓ ತಾಂಬೂರ್' ಅನ್ನೋ ಹೆಂಡದಂಗಡಿ ಬಾಗಿಲು. ಅಟ್ಜೆ ತೆಗೆಯೋಕೆ ಹೋಗಿದ್ದು ಅದರ ಅಲಂಕಾರನ, ಆದ್ರೆ ಗಾಜಿನ ಹಿಂದಿಂದ ಯಾರೋ ಈ ಮುದಿಯಪ್ಪ ಏನ್ ಮಾಡ್ತಿದ್ದಾನೆ ಅಂತ ಇಣುಕಿ ನೋಡ್ತಿದ್ದಾರೆ, ಅದೇ ಗಾಜಲ್ಲಿ ಕ್ಯಾಮೆರಾದ ಪ್ರತಿಬಿಂಬ ಕೂಡ ಬಿದ್ದಿದೆ. 1912ರಲ್ಲಿ ಸ್ಟ್ರಾಸ್‌ಬುರ್ ಬುಲೆವಾರ್ಡಿನ ಕಾರ್ಸೆಟ್ ಅಂಗಡಿ ಫೋಟೋದಲ್ಲಿ ಸಾಲಾಗಿ ನಿಂತ ತಲೆಯಿಲ್ಲದ ಬೊಂಬೆಗಳೆಲ್ಲ ಚೂಪಾಗಿವೆ, ಬಾಗಿಲಲ್ಲಿ ನೇತಾಡ್ತಿರೋ ಒಂದು ಮಾತ್ರ ಮಸುಕು, ಗಾಳಿಗೆ ಅಲ್ಲಾಡಿದೆ. ಎಕ್ಸ್‌ಪೋಷರ್ ಎಷ್ಟು ಉದ್ದ ಇತ್ತು ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಮೂಲೆ ಕಪ್ಪಾಗೋದಕ್ಕೆ ಕಾರಣ ಸರಳ. ಎತ್ತರದ ಕಟ್ಟಡ ತೆಗೆಯೋವಾಗ ಕ್ಯಾಮೆರಾನ ಮೇಲಕ್ಕೆ ಓರೆ ಮಾಡಿದ್ರೆ ಗೋಡೆಗಳು ಹಿಂದಕ್ಕೆ ಬಿದ್ದ ಹಾಗೆ ಕಾಣುತ್ತವೆ, ನಮ್ಮ ಮೊಬೈಲಲ್ಲಿ ದಿನಾ ಆಗೋದು ಅದೇ. ಅದಕ್ಕೆ ಕ್ಯಾಮೆರಾ ನೆಟ್ಟಗೆ ಇಟ್ಟು ಲೆನ್ಸ್ ಇರೋ ಹಲಗೆಯನ್ನ ಮಾತ್ರ ಮೇಲಕ್ಕೆ ಜಾರಿಸ್ತಿದ್ರು, ಗೋಡೆ ನೆಟ್ಟಗೆ ಬರ್ತಿತ್ತು. ಆದ್ರೆ ಲೆನ್ಸ್ ಒಳಗೆ ಬೀಳಿಸೋ ಚಿತ್ರ ಗುಂಡಗಿರುತ್ತಲ್ಲ, ಲೆನ್ಸ್ ಜಾಸ್ತಿ ಜಾರಿಸಿದ್ರೆ ಆ ಗುಂಡಿನ ಅಂಚು ಪ್ಲೇಟಿನ ಮೂಲೆವರೆಗೂ ಮುಟ್ಟಲ್ಲ, ಅಲ್ಲಿ ಬೆಳಕೇ ಬೀಳಲಿಲ್ಲ ಅಂದ್ರೆ ಪ್ರಿಂಟಲ್ಲಿ ಕಪ್ಪು. ಹಾಗೇ ಅಂಚಲ್ಲಿ ಸಣ್ಣ ಕಪ್ಪು ಕಚ್ಚುಗಳು ಕಾಣುತ್ತವೆ, ಅದು ಪ್ಲೇಟನ್ನ ಹಿಡಿದಿಡ್ತಿದ್ದ ಕ್ಲಿಪ್ಪಿನ ಗುರುತು. ಕೆಳಗೆ ಒಂದು ನಂಬರ್ ಇರುತ್ತೆ, ಅದು ಅವರೇ ನೆಗೆಟಿವ್ ಮೇಲೆ ಗೀಚಿದ್ದು. ಬೇರೆ ಫೋಟೋಗ್ರಾಫರ್ ಆಗಿದ್ರೆ ಮೂಲೆ ಕತ್ತರಿಸಿ ಕೊಡ್ತಿದ್ರು, ಇವರು ತಲೆ ಕೆಡಿಸ್ಕೊಳ್ಳಲಿಲ್ಲ, ಗಿರಾಕಿಗೆ ಬೇಕಾಗಿರೋ ಬಾಗಿಲು ಮಧ್ಯದಲ್ಲಿ ಸರಿಯಾಗಿ ಬಂದಿದೆಯಲ್ಲ, ಸಾಕು. ಇದನ್ನ ಕಲೆ ಅಂತ ಆಮೇಲೆ ಹೇಳಿದವರು ನಾವು.

ಪ್ರಿಂಟ್ ಮಾಡ್ತಿದ್ದ ವಿಧಾನ ಕೂಡ ಆಗಲೇ ಹಳೇದಾಗಿತ್ತು. ಮೊಟ್ಟೆಯ ಬಿಳಿ ಸವರಿದ ಆಲ್ಬುಮೆನ್ ಕಾಗದದ ಮೇಲೆ ಗಾಜಿನ ನೆಗೆಟಿವನ್ನ ನೇರ ಒತ್ತಿಟ್ಟು, ಚೌಕಟ್ಟಿನ ಸಮೇತ ಹಪ್ಪಳ ಒಣಗಿಸೋ ಥರ ಬಿಸಿಲಿಗೆ ಇಡೋದು. ಬೆಳಕಿಗೇ ಚಿತ್ರ ಮೂಡುತ್ತೆ, ಡೆವಲಪರ್ ಬೇಡ. ಬೇಕಾದಷ್ಟು ಕಂದು ಆದ್ಮೇಲೆ ತೆಗೆದು ಚಿನ್ನದ ಲವಣದಲ್ಲಿ ಅದ್ದಿ, ಚಿತ್ರ ಮತ್ತೆ ಕಪ್ಪಾಗದೆ ನಿಲ್ಲೋ ಹಾಗೆ ಹೈಪೋ ಅನ್ನೋ ದ್ರಾವಣದಲ್ಲಿ ಫಿಕ್ಸ್ ಮಾಡಿ ತೊಳೆಯೋದು. ಎನ್‌ಲಾರ್ಜರ್ ಇಲ್ಲ, ನೆಗೆಟಿವ್ ಎಷ್ಟು ದೊಡ್ಡದೋ ಪ್ರಿಂಟೂ ಅಷ್ಟೇ. ಅದಕ್ಕೇ ಆ ಕಂದು-ನೇರಳೆ ಬಣ್ಣ, ಅದಕ್ಕೇ ಇಟ್ಟಿಗೆ ಸಂದಿನ ಗಾರೆ ಕೂಡ ಕಾಣೋ ಅಷ್ಟು ಡೀಟೇಲು. ಇಲ್ಲೊಂದು ಕಥೆ ಓಡಾಡುತ್ತೆ, ಯಾರೋ ರೋಲಿಫ್ಲೆಕ್ಸ್ ಕ್ಯಾಮೆರಾ ಕೊಡೋಕೆ ಹೋದ್ರಂತೆ, ಇವರು ಅದು ನಂಗೆ ತುಂಬ ಫಾಸ್ಟು ಬೇಡ ಅಂದ್ರಂತೆ. ಕೇಳೋಕೆ ಚೆನ್ನಾಗಿದೆ, ಆದ್ರೆ ರೋಲಿಫ್ಲೆಕ್ಸ್ ಮಾರುಕಟ್ಟೆಗೆ ಬಂದಿದ್ದು 1929ರಲ್ಲಿ, ಅಟ್ಜೆ ತೀರಿಕೊಂಡಿದ್ದು 1927ರಲ್ಲಿ. ಬೇರೆ ಯಾವುದೋ ಕೈ ಕ್ಯಾಮೆರಾ ಇದ್ದಿರಬಹುದು, ಆ ಹೆಸರಂತೂ ಆಮೇಲೆ ಸೇರಿಕೊಂಡಿದ್ದು.

1910ರ ಸುಮಾರಿಂದ ಇವರ ಕೆಲಸದಲ್ಲಿ ಒಂದು ಬದಲಾವಣೆ ಕಾಣುತ್ತೆ, ನನಗೆ ಅತಿ ಇಷ್ಟವಾಗೋದು ಈ ಭಾಗ. ಬಿಡಿ ಫೋಟೋ ಮಾರೋದರ ಜೊತೆಗೆ ವಿಷಯ ಇಟ್ಕೊಂಡು ಆಲ್ಬಮ್ ಕಟ್ಟಿ ಗ್ರಂಥಾಲಯಕ್ಕೆ ಕೊಡೋಕೆ ಶುರು ಮಾಡಿದ್ರು. ಪ್ಯಾರಿಸ್ಸಿನ ಮನೆಗಳ ಒಳಾಂಗಣ, ಗಾಡಿಗಳು, ಕಸುಬು ಮತ್ತು ಅಂಗಡಿಗಳು, ಕೋಟೆಗೋಡೆ, ಹೀಗೆ. ಒಳಾಂಗಣದ ಆಲ್ಬಮ್ಮಲ್ಲಿ ಶ್ರೀಮಂತರ ಬೈಠಕ್‌ಖಾನೆ, ಕೆಲಸಗಾರನ ಕೋಣೆ ಎಲ್ಲ ಬರುತ್ತೆ, ಮಧ್ಯೆ ಒಬ್ಬ ನಾಟಕದ ಕಲಾವಿದ ಶ್ರೀ ಆರ್. ಅನ್ನೋರ ಮನೆ ಅಂತ ಇದೆ. ಆ ಶ್ರೀ ಆರ್. ಬೇರೆ ಯಾರೂ ಅಲ್ಲ, ಅದು ಕಾಂಪಾನ್ಯ್-ಪ್ರೆಮಿಯೆರ್ ಬೀದಿಯಲ್ಲಿ 1899ರಿಂದ ಸಾಯೋವರೆಗೂ ಅವರು ವಾಸ ಇದ್ದ ಅವರದೇ ಮನೆ! ರಾಷ್ಟ್ರೀಯ ಗ್ರಂಥಾಲಯಕ್ಕೆ ತಮ್ಮ ಮನೆಯನ್ನೇ ಬೇರೆಯವರದ್ದು ಅಂತ ಮಾರಿದ ಮನುಷ್ಯ, ಏನೂ ತಿಳಿಯದ ಮುಗ್ಧ ಅಂತ ಹೇಗೆ ನಂಬೋದು?

1913ರ ಆಲ್ಬಮ್ ಊರಾಚೆಯ ಜನರದ್ದು. 1840ರ ದಶಕದಲ್ಲಿ ಪ್ಯಾರಿಸ್ ಸುತ್ತ ಕಟ್ಟಿದ ಕೋಟೆಯ ಹೊರಗಡೆ ಒಂದು ಪಟ್ಟಿ ಜಾಗವನ್ನ ಸೈನ್ಯದ ಕಾರಣಕ್ಕೆ ಖಾಲಿ ಬಿಟ್ಟಿದ್ರು, ಪಕ್ಕಾ ಮನೆ ಕಟ್ಟೋ ಹಾಗಿರಲಿಲ್ಲ, ಅಲ್ಲಿ ಚಿಂದಿ ಆಯೋರು ಹಲಗೆ ತಗಡಲ್ಲಿ ಜೋಪಡಿ ಹಾಕ್ಕೊಂಡಿದ್ರು. ಅಟ್ಜೆ ಅಲ್ಲಿಗೆ ಹೋಗಿ ಆ ಜೋಪಡಿ, ತಳ್ಳುಗಾಡಿ, ಮೂಟೆ, ಬಾಗಿಲಲ್ಲಿ ಕೂತ ಸಂಸಾರ, ಎಲ್ಲಾನೂ ಶ್ರೀಮಂತರ ಬಾಗಿಲಿನ ಕೆತ್ತನೆಯನ್ನ ಎಷ್ಟು ಶ್ರದ್ಧೆಯಿಂದ ತೆಗೀತಿದ್ರೋ ಅಷ್ಟೇ ಶ್ರದ್ಧೆಯಿಂದ ತೆಗೆದ್ರು. ಇದನ್ನ ಯಾವ ಪೇಂಟರೂ ಕೇಳಿರಲಿಲ್ಲ. ಮೊದಲೇ ಹೇಳಿದ್ನಲ್ಲ ಎಡಪಂಥ ಅಂತ, ಅದು ಕಾಣೋದು ಇಲ್ಲಿ. ಐಫೆಲ್ ಟವರ್ ಕಣ್ಣೆದುರಿಗೇ ಇತ್ತು, ಅದನ್ನ ವಿಷಯ ಮಾಡ್ಕೊಳ್ಳೋ ಗೋಜಿಗೇ ಹೋಗಲಿಲ್ಲ, ಚಿಂದಿಯವರ ಜೋಪಡಿಗೆ 20 ಕಿಲೋ ಹೊತ್ಕೊಂಡು ಹೋದ್ರು.

1914ರಲ್ಲಿ ಮೊದಲ ಮಹಾಯುದ್ಧ ಶುರುವಾದ್ಮೇಲೆ ಎಲ್ಲ ಕುಂಠಿತ ಆಯ್ತು. ವ್ಯಾಲೆಂಟಿನ್ ಅವರ ಮಗ ಯುದ್ಧದ ಶುರುವಲ್ಲೇ ಸತ್ತ. ಗಿರಾಕಿ ಇಲ್ಲ, ಬೀದಿಯಲ್ಲಿ ಕ್ಯಾಮೆರಾ ಹಿಡಿದ್ರೆ ಗೂಢಚಾರ ಅಂತ ಅನುಮಾನ. ಗಾಜಿನ ಪ್ಲೇಟುಗಳನ್ನ ನೆಲಮಾಳಿಗೆಗೆ ಸಾಗಿಸಿ ಇಟ್ರು. ಯುದ್ಧ ಮುಗಿದ್ಮೇಲೆ, 1920ರಲ್ಲಿ, ಸರ್ಕಾರದ ಕಲಾ ಇಲಾಖೆ ಮುಖ್ಯಸ್ಥ ಪಾಲ್ ಲಿಯಾನ್ ಅವರಿಗೆ ಒಂದು ಪತ್ರ ಬರೆದ್ರು. ನನ್ನ ಹತ್ರ ಹಳೇ ಪ್ಯಾರಿಸ್ ಪೂರ್ತಿ ಇದೆ, ನಂಗೆ ವಯಸ್ಸಾಯ್ತು, ವಾರಸುದಾರರಿಲ್ಲ, ಇದರ ಬೆಲೆ ತಿಳಿಯದವರ ಕೈಗೆ ಬಿದ್ದು ಹಾಳಾಗೋದು ಬೇಡ ಅನ್ನೋ ಅರ್ಥದ್ದು. 2621 ನೆಗೆಟಿವ್‌ಗಳನ್ನ ಸರ್ಕಾರ 10,000 ಫ್ರಾಂಕಿಗೆ ಕೊಂಡಿತು. ಹಸಿವಲ್ಲಿ ಸತ್ತರು ಅನ್ನೋ ಕಥೆ ಮುರಿದುಬೀಳೋದು ಇಲ್ಲೇ. ಹೌದು, ಊಟ ಸರಳವಾಗಿತ್ತು, ಸುಮಾರು ಇಪ್ಪತ್ತು ವರ್ಷ ಹಾಲು, ಬ್ರೆಡ್ಡು, ಸಕ್ಕರೆ ಇಷ್ಟರಲ್ಲೇ ಕಳೆದ್ರು ಅಂತ ಅವರ ಗೆಳೆಯ ಕಾಲ್ಮೆಟ್ ಬರೆದಿದ್ದಾರೆ, ಆದ್ರೆ ಅದಕ್ಕೆ ಅವರ ಹಠಮಾರಿ ಸ್ವಭಾವವೂ ಕಾರಣ, ಬರೀ ದುಡ್ಡಿಲ್ಲದ್ದಲ್ಲ.

ಆ ಹತ್ತು ಸಾವಿರ ಕೈಗೆ ಬಂದ್ಮೇಲೆ ತಾನೇ ಅತಿ ಚೆನ್ನಾಗಿರೋ ಫೋಟೋಗಳು ಹುಟ್ಟಿದ್ದು! ಗಿರಾಕಿಯ ಒತ್ತಡ ಕಮ್ಮಿ ಆಯ್ತು, ತಮಗೆ ಬೇಕಾದ್ದನ್ನ ತೆಗೆಯೋಕೆ ಶುರು ಮಾಡಿದ್ರು. ವರ್ಸೈಲ್ಸ್, ಸ್ಯಾಂ-ಕ್ಲೂ ಉದ್ಯಾನದ ಮರದ ಬೇರುಗಳು, ಕೊಳ, ಪಾಚಿ ಹಿಡಿದ ಮೂರ್ತಿ. 1925ರ ವಸಂತದಲ್ಲಿ, ಅರವತ್ತೆಂಟು ವಯಸ್ಸಲ್ಲಿ, ಸೋ ಅನ್ನೋ ಕಡೆ ಹಾಳುಬಿದ್ದ ಒಂದು ಉದ್ಯಾನಕ್ಕೆ ಮತ್ತೆ ಮತ್ತೆ ಹೋಗಿದ್ದಾರೆ, ಕೆಲವು ಫೋಟೋಗಳಿಗೆ ಮಾರ್ಚ್, ಬೆಳಿಗ್ಗೆ 7 ಗಂಟೆ ಅಂತ ಹೊತ್ತು ಕೂಡ ಬರ್ಕೊಂಡಿದ್ದಾರೆ. ಜೀವಮಾನ ಪೂರ್ತಿ ವಿಳಾಸ ಬರೀತಿದ್ದವರು ಈಗ ಹೊತ್ತು ಬರೀತಿದ್ದಾರೆ ನೋಡಿ. ಅದೇ ವರ್ಷದ ಗೋಬ್ಲಾಂ ಬೀದಿಯ ಬಟ್ಟೆ ಅಂಗಡಿ ಫೋಟೋದಲ್ಲಿ ಬೆಲೆ ಚೀಟಿ ಅಂಟಿಸಿಕೊಂಡ ಬೊಂಬೆಗಳ ಮೇಲೆ ಎದುರಿನ ಕಟ್ಟಡ, ಮರ ಎಲ್ಲ ಗಾಜಲ್ಲಿ ಪ್ರತಿಬಿಂಬಿಸಿ ಯಾವುದು ಒಳಗೆ ಯಾವುದು ಹೊರಗೆ ಅಂತಾನೇ ಗೊತ್ತಾಗಲ್ಲ. ಇದನ್ನೂ ಬರೀ ದಾಖಲೆ ಅಂದ್ರೆ ನಾನು ಒಪ್ಪಲ್ಲ.

ಅಟ್ಜೆ ಮನೆ ಇದ್ದ ಕಾಂಪಾನ್ಯ್-ಪ್ರೆಮಿಯೆರ್ ಬೀದಿಯಲ್ಲೇ ಅಮೆರಿಕದ ಕಲಾವಿದ ಮ್ಯಾನ್ ರೇ ವಾಸ ಇದ್ರು, ಇವರ ಹತ್ರ ಒಂದಷ್ಟು ಪ್ರಿಂಟ್ ಕೊಂಡ್ರು. 1926ರ ಜೂನಲ್ಲಿ ಸರ್ರಿಯಲಿಸ್ಟರು, ಅಂದ್ರೆ ಕನಸು, ಸುಪ್ತಮನಸ್ಸು ಅಂತ ಹೊರಟಿದ್ದ ಕಲಾವಿದರ ಗುಂಪು, ತಮ್ಮ ಪತ್ರಿಕೆ ಮುಖಪುಟಕ್ಕೆ ಅದರಲ್ಲಿ ಒಂದನ್ನ ಹಾಕಿದ್ರು, 1912ರ ಏಪ್ರಿಲ್ 17ರ ಸೂರ್ಯಗ್ರಹಣವನ್ನ ಬಾಸ್ಟೀಲ್ ಚೌಕದಲ್ಲಿ ನಿಂತು ಕಣ್ಣಿಗೆ ಏನೋ ಹಿಡ್ಕೊಂಡು ಆಕಾಶ ನೋಡ್ತಿರೋ ಜನ. ನನ್ನ ಹೆಸರು ಹಾಕಬೇಡಿ, ನಾನು ಮಾಡೋದು ಬರೀ ದಾಖಲೆ ಅಂತ ಅಟ್ಜೆ ಅಂದ್ರು ಅಂತ ಮ್ಯಾನ್ ರೇ ಹೇಳ್ಕೊಂಡಿದ್ದಾರೆ. ಎಲ್ಲರೂ ಇದನ್ನ ವಿನಯ ಅಂತ ಹೊಗಳ್ತಾರೆ. ನನಗೆ ಹಾಗನ್ನಿಸಲ್ಲ. ಗ್ರಂಥಾಲಯ, ಇಲಾಖೆ ಅಂತ ಗೌರವಸ್ಥ ಗಿರಾಕಿಗಳನ್ನ ಇಟ್ಕೊಂಡವರು ಆ ತರಲೆ ಹುಡುಗರ ಪತ್ರಿಕೆಯಲ್ಲಿ ಹೆಸರು ಬರೋದು ಯಾಕೆ ಅಂತ ಯೋಚಿಸಿರಬೇಕು.

ಆ ಸಂಚಿಕೆ ಬಂದ ತಿಂಗಳಲ್ಲೇ ವ್ಯಾಲೆಂಟಿನ್ ತೀರಿಕೊಂಡ್ರು. ಅಟ್ಜೆ ಅದಾದ್ಮೇಲೆ ಚೇತರಿಸ್ಕೊಳ್ಳಲಿಲ್ಲ, 1927ರ ಆಗಸ್ಟ್ 4ಕ್ಕೆ ಹೋದ್ರು. ವಿಡಿಯೋದಲ್ಲಿ ಹೇಳಿದ ಅಮೆರಿಕದ ಹೆಂಗಸು ಬೆರೆನಿಸ್ ಅಬ್ಬಟ್, ಮ್ಯಾನ್ ರೇ ಸ್ಟುಡಿಯೋದಲ್ಲಿ ಸಹಾಯಕಿಯಾಗಿದ್ದವರು, ಆಮೇಲೆ ಸ್ವತಃ ದೊಡ್ಡ ಫೋಟೋಗ್ರಾಫರ್ ಆದ್ರು. 1927ರಲ್ಲಿ ಅವರು ಅಟ್ಜೆಯನ್ನ ತಮ್ಮ ಸ್ಟುಡಿಯೋಗೆ ಕರೆಸಿ ಫೋಟೋ ತೆಗೆದ್ರು. ಯಾವಾಗಲೂ ತೇಪೆ ಹಾಕಿದ ಬಟ್ಟೆಯಲ್ಲೇ ಇರ್ತಿದ್ದವರು ಅವತ್ತು ಒಳ್ಳೇ ಓವರ್‌ಕೋಟ್ ಹಾಕ್ಕೊಂಡು ಬಂದುಬಿಟ್ಟಿದ್ರು, ಅಬ್ಬಟ್‌ಗೆ ಬೇಜಾರು. ಪ್ರಿಂಟ್ ಮಾಡ್ಕೊಂಡು ತೋರಿಸೋಕೆ ಮನೆ ಹತ್ರ ಹೋದಾಗ ಅವರು ಆಗಲೇ ತೀರಿಕೊಂಡಿದ್ದು ಗೊತ್ತಾಯ್ತು. ಕಸದ ರಾಶಿ ಮಾತು ಬಿಟ್ಟುಬಿಡಿ. ಎಲ್ಲ ಕಾಲ್ಮೆಟ್ ಅವರ ವಶದಲ್ಲಿ ಭದ್ರವಾಗಿತ್ತು, ಹಳೇ ನಾಟಕದ ಗೆಳೆಯ, ಸ್ಟ್ರಾಸ್‌ಬುರ್‌ನಲ್ಲಿ ಥಿಯೇಟರ್ ನಡೆಸ್ತಿದ್ದವರು. ಒಂದು ಪಾಲನ್ನ ಅವರು ಫ್ರಾನ್ಸ್ ಸರ್ಕಾರಕ್ಕೆ ಕೊಟ್ರು, ಉಳಿದದ್ದನ್ನ, ಅಂದ್ರೆ ಸಾವಿರಕ್ಕೂ ಹೆಚ್ಚು ಗಾಜಿನ ನೆಗೆಟಿವ್ ಮತ್ತು ಸಾವಿರಾರು ಪ್ರಿಂಟು, 1928ರಲ್ಲಿ ಅಬ್ಬಟ್ ದುಡ್ಡು ಕೊಟ್ಟು ಕೊಂಡ್ರು. ಅಬ್ಬಟ್ ಮಾಡಿದ ಕೆಲಸ ಚಿಕ್ಕದಲ್ಲ, ನ್ಯೂಯಾರ್ಕಿಗೆ ಹೊತ್ಕೊಂಡು ಹೋಗಿ ನಲವತ್ತು ವರ್ಷ ಕಾಪಾಡಿ, ಪ್ರಚಾರ ಮಾಡಿ, 1968ರಲ್ಲಿ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟಿಗೆ ಮಾರಿದ್ರು. ಆದ್ರೆ ಈ ಪ್ರಚಾರದಲ್ಲೇ ಯಾರಿಗೂ ಗೊತ್ತಿಲ್ಲದ ಬಡ ಮಹಾತ್ಮ ಅನ್ನೋ ಚಿತ್ರ ದಪ್ಪ ಆಗ್ತಾ ಹೋಯ್ತು, ನಿಮ್ಮ ವಿಡಿಯೋದವರು ಹಿಡಿದಿರೋದು ಅದರ ಬಾಲ.

ನೋಡೋಕೆ ಎಲ್ಲಿ ಅಂತ ಕೇಳಿದ್ರಿ. ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದ ಗ್ಯಾಲಿಕಾ ಸೈಟಲ್ಲಿ ಆಲ್ಬಮ್‌ಗಳು ಪುಟಪುಟ ಸಮೇತ ಇವೆ, ಕಾರ್ನವಾಲೆ ಸಂಗ್ರಹ ಪ್ಯಾರಿಸ್ ಮ್ಯೂಸಿಯಂಗಳ ಸೈಟಲ್ಲಿ ದೊಡ್ಡ ಸೈಜಲ್ಲಿ ಫ್ರೀ ಡೌನ್‌ಲೋಡ್ ಸಿಗುತ್ತೆ. ನೋಡೋವಾಗ ಒಂದು ಗಮನಿಸಿ, ಕಂದು-ನೇರಳೆ ಬಣ್ಣ ಇದ್ದರೆ ಸಾಮಾನ್ಯವಾಗಿ ಅಟ್ಜೆ ಕೈಯಿಂದಲೇ ಆದ ಪ್ರಿಂಟು, ಬೂದು ಛಾಯೆಯ ಕಪ್ಪು ಬಿಳುಪು ಅಂದ್ರೆ ಹೆಚ್ಚಾಗಿ ಅಟ್ಜೆಯ ನೆಗೆಟಿವ್‌ಗಳಿಂದ ಆಮೇಲೆ ಅಬ್ಬಟ್ ಮಾಡಿದ್ದು. ಗ್ಯಾಲಿಕಾದಲ್ಲಿ ಮೊದಲು ಬೀದಿ ಫೋಟೋ ಹುಡುಕಬೇಡಿ, ಒಳಾಂಗಣದ ಆಲ್ಬಮ್ ತೆಗೆದು ಆ ಶ್ರೀ ಆರ್. ಮನೆಗೆ ಹೋಗಿ, ಗೋಡೆ ತುಂಬ ಇರೋ ಪುಸ್ತಕ ಚಿತ್ರಗಳನ್ನ ಝೂಮ್ ಮಾಡಿ ನೋಡಿ.